ಉಸಿರಿನ ಗುರುತು

ಕೌಂಟರಿನ ಆಚೆ ನಿಂತ ಹೆಂಗಸು ತನ್ನ ಕನ್ನಡಕವನ್ನು ಅವನ ಕೈಗೆ ಕೊಡಲಿಲ್ಲ. ಕಡ್ಡಿಗಳನ್ನು ಮಡಿಚಿ ಎದೆಗೆ ಒತ್ತಿಕೊಂಡು, ಅವನ ಭುಜದ ಮೇಲಿಂದ ಒಳಕ್ಕೆ ಇಣುಕಿ, "ಅವರಿಲ್ವಾ?" ಎಂದಳು. ಅವರೆಂದರೆ ಯಾರೆಂದು ಅವನಿಗೆ ಗೊತ್ತು. ಈ ವಾರವೆಲ್ಲ ಅಂಗಡಿಗೆ ಬಂದವರ ಬಾಯಲ್ಲಿ ಅದೊಂದೇ ಮಾತು. ಆದರೆ ಹೆದರಿ ಕೇಳುವವರು ಯಾರು, ಅಕ್ಕರೆಯಿಂದ ಕೇಳುವವರು ಯಾರು ಎಂಬುದು ದನಿಯಲ್ಲಿ ತಿಳಿಯುತ್ತಿರಲಿಲ್ಲ. ಹಾಗಾಗಿ "ಯಾರು?" ಎಂದು ಪೆದ್ದನಂತೆ ಕೇಳಿದ. "ಅದೇ, ಗುಂಗುರು ಕೂದಲಿನವರು. ವಿಡಿಯೊ ಬಂದಿದೆಯಲ್ಲ, ಅವರು." ಅವನ ಎದೆಯಲ್ಲಿ ಸಣ್ಣದೊಂದು ಹಿತ ಮಿಸುಕಾಡಿತು. ಹೆದರಿದವಳೇ ಇರಬೇಕು. "ನಾನಿದೀನಲ್ಲ ಮೇಡಂ, ಕೊಡಿ, ಯೋಚನೆ ಮಾಡ್ಬೇಡಿ" ಎಂದು ಕೈ ಚಾಚಿದ. ಅವಳು ಇನ್ನಷ್ಟು ಹಿಂದೆ ಸರಿದಳು. "ಅಲ್ಲಪ್ಪ, ಅವರ ಕೈಲೇ ಮಾಡಿಸ್ಬೇಕು ಅಂತಲೇ ಬಸ್ಸು ಬದಲಾಯಿಸಿ ಬಂದಿದೀನಿ. ಜನ ಬಾಯಿಗೆ ಬಂದ ಹಾಗೆ ಮಾತಾಡ್ತಿದಾರಲ್ಲ, ಅದಕ್ಕೇ. ನೀವು ತಪ್ಪು ತಿಳ್ಕೋಬೇಡಿ." ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವನು ಕೌಂಟರಿನ ಗಾಜಿನ ಮೇಲೆ ಇಲ್ಲದ ಧೂಳನ್ನು ಒರೆಸಿದ.

ಒಳಗೆ, ಹೊಸದಾಗಿ ಇಳಿಬಿಟ್ಟ ಪರದೆಯ ಹಿಂದೆ, ಹೊಸಬ ಸಾಣೆ ಯಂತ್ರದ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿದ್ದ. ಹೊಸಬ ಎಂದು ಹೆಸರಿಟ್ಟವನು ಕೌಂಟರಿನಲ್ಲಿದ್ದ ಅವನೇ. ಬಂದು ವರ್ಷಗಳಾಗಿದ್ದರೂ, ಅಂಗಡಿಯ ಅರ್ಧ ಗಿರಾಕಿಗಳು ಆ ಕೈಗೇ ಒಗ್ಗಿಹೋಗಿದ್ದರೂ, ಅವನ ಪಾಲಿಗೆ ಹೊಸಬ ಹೊಸಬನೇ, ಇನ್ನೂ ಕಲಿಯಬೇಕಾದವನೇ. "ನಿನ್ನ ಅಭಿಮಾನಿಗಳು ಬಂದಿದಾರೆ ಹೊರಗೆ" ಎಂದ. ಹೊಸಬ ಯಂತ್ರ ನಿಲ್ಲಿಸಿ ತಲೆಯ ಮೇಲಿನ ಬಿಳಿ ಟೋಪಿಯನ್ನು ಹಿಂದಕ್ಕೆ ತಳ್ಳಿದ. ಗಾಜಿನ ಪುಡಿ ಕೂದಲಿಗೆ ಹತ್ತದಿರಲೆಂದು ಯಜಮಾನರು ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ಹೊಲಿಸಿಕೊಟ್ಟ ಟೋಪಿ ಅದು. "ಪರದೆ ದಾಟ್ಬೇಡ ಅಂದಿದಾರಲ್ಲಣ್ಣ ಯಜಮಾನರು. ನೀವೇ ಈಸ್ಕೊಂಡು ಬನ್ನಿ, ಮಾಡ್ಕೊಡ್ತೀನಿ." ಹೀಗೆ ಅಂಗಡಿಯ ಹಿರಿಯ ಕೆಲಸಗಾರ ಪರದೆಯ ಆಚೆಗೂ ಈಚೆಗೂ ಓಡಾಡುವ ಅಂಚೆಯವನಾಗಿದ್ದ. ಒಳಗೆ ಹೊಸಬ ಆ ಹೆಂಗಸಿನ ಕನ್ನಡಕವನ್ನು ದೀಪದ ಕೆಳಗೆ ಕಪ್ಪು ಬಟ್ಟೆಯ ಮುಂದೆ ಹಿಡಿದು, ಓರೆ ಮಾಡಿ, ಮತ್ತೆ ಓರೆ ಮಾಡಿ, ಕಣ್ಣಲ್ಲಿ ನೀರು ಬರುವವರೆಗೆ ಏನನ್ನೋ ಹುಡುಕುತ್ತಿದ್ದ. ಒಂದು ಸಲ ಹಾ ಎಂದು ಊದಿದ್ದರೆ ಕ್ಷಣದಲ್ಲಿ ಕಾಣುತ್ತಿತ್ತು. ಊದುವುದನ್ನು ಹೊಸಬ ಬಿಟ್ಟೇಬಿಟ್ಟಿದ್ದ. ಹಿರಿಯವನು ನೋಡಿದರೂ ನೋಡದವನಂತೆ ಸ್ಕ್ರೂಗಳ ಡಬ್ಬಿಯನ್ನು ಕುಲುಕುತ್ತ ನಿಂತ.

ಕೈ ಎಷ್ಟು ಹಗುರ ರೀ ಅವರದು, ಎಂದಿದ್ದಳು ಅವನ ಹೆಂಡತಿ, ಹೊಸಬನ ಬಗ್ಗೆ. ಕಿವಿ ಹಿಂದೆ ಮುಟ್ಟಿದ್ದೇ ಗೊತ್ತಾಗ್ಲಿಲ್ಲ. ಆ ಮಾತು ಅವನ ಹೊಟ್ಟೆಯೊಳಗೆ ಇಳಿದು ಅಲ್ಲೇ ಉಳಿದುಬಿಟ್ಟಿತ್ತು. ಹೆಂಡತಿಯ ಕನ್ನಡಕವನ್ನು ಅವನೇ ಮಾಡಿದ್ದ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು, ನಡುವೆ ಗೆರೆಯಿಲ್ಲದ್ದು, ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಗಾಜು. ಅವಳು ಅದನ್ನು ಹಾಕಿಕೊಂಡಾಗಲೆಲ್ಲ ಓದಲಿಕ್ಕೆ ಗದ್ದ ಎತ್ತುತ್ತಿದ್ದಳು, ಸಂಜೆಯಾದರೆ ತಲೆನೋವೆನ್ನುತ್ತಿದ್ದಳು. "ಅಭ್ಯಾಸ ಆಗುತ್ತೆ, ಎಲ್ಲರಿಗೂ ಮೊದಮೊದಲು ಹಾಗೇ" ಎಂದು ಅವನು ತಿಂಗಳುಗಟ್ಟಲೆ ತಳ್ಳಿಹಾಕಿದ್ದ. ಒಂದು ದಿನ ಅವನು ಊಟಕ್ಕೆ ಹೋಗಿದ್ದಾಗ ಅವಳು ಅಂಗಡಿಯ ಮುಂದೆ ಹಾದುಹೋಗುತ್ತ ಒಳಗೆ ಬಂದಿದ್ದಾಳೆ, ಹೊಸಬ ಕೂರಿಸಿ ನೋಡಿದ್ದಾನೆ, ಮೂಗಿನ ಮೇಲೆ ಕೂರುವ ಪ್ಯಾಡುಗಳನ್ನು ಒಂದಿಷ್ಟು ಒತ್ತಿದ್ದಾನೆ, ಕಡ್ಡಿಯನ್ನು ಕಿವಿಯ ಹಿಂದೆ ಬಾಗಿಸಿದ್ದಾನೆ. ಅಷ್ಟೇ. ಅವತ್ತಿನಿಂದ ತಲೆನೋವಿಲ್ಲ. ಹೆಂಡತಿಯ ಮೇಲೆ ಅನುಮಾನ ಪಡುವಷ್ಟು ದಡ್ಡನಲ್ಲ ಅವನು. ಅನುಮಾನವಾದರೂ ಇದ್ದಿದ್ದರೆ ಕೂಗಾಡಬಹುದಿತ್ತು, ಜಗಳವಾಡಬಹುದಿತ್ತು, ಊರು ಅವನ ಪರವಾಗಿ ನಿಲ್ಲುತ್ತಿತ್ತು. ಇನ್ನೊಬ್ಬನ ಕೈ ತನ್ನ ಕೈಗಿಂತ ಹಗುರ ಎಂಬ ದೂರನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ದಿನವೂ ಬೆಳಿಗ್ಗೆ ಅವಳು ಕನ್ನಡಕ ಏರಿಸಿಕೊಂಡು, ಗದ್ದ ಎತ್ತದೆ, ಆರಾಮಾಗಿ ಪೇಪರು ಓದುವುದನ್ನು ನೋಡಿ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಸ್ಕ್ರೂ ಸಡಿಲವಾಗಿದೆ, ಬಿಗಿ ಮಾಡಿ ತರ್ತೀನಿ ಎಂದು ಸುಳ್ಳು ಹೇಳಿ ಅವನು ಆ ಕನ್ನಡಕವನ್ನು ಅಂಗಡಿಗೆ ತಂದದ್ದು ಹೊಸಬನ ತಪ್ಪು ಹಿಡಿಯಲಿಕ್ಕೆ. ಎಲ್ಲೋ ಒಂದು ಕಡೆ ವಾಲಿರಬೇಕು, ಏನೋ ಒಂದು ಎಡವಟ್ಟಾಗಿರಬೇಕು. ಹಗುರವಾದ ಕೈಗಳೂ ತಪ್ಪು ಮಾಡುತ್ತವೆ ಎಂದು ಅವಳಿಗೆ ತೋರಿಸಬೇಕು. ಹೊಸಬ ಅತ್ತ ಹೋದದ್ದೇ ಅವನು ಬೆಂಚಿನ ಮುಂದೆ ಬೆನ್ನು ತಿರುಗಿಸಿ ಕೂತ. ಆ ಬಗೆಯ ಗಾಜುಗಳಲ್ಲಿ, ಬರಿಗಣ್ಣಿಗೆ ಕಾಣದಂತೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ಸುತ್ತು ಕೊರೆದಿರುತ್ತಾರೆ. ಬಾಯಿಯ ಹತ್ತಿರ ಹಿಡಿದು ಬಿಸಿ ಉಸಿರು ಬಿಟ್ಟರೆ ಗಾಜೆಲ್ಲ ಮಂಜಾಗಿ ಆ ಸುತ್ತುಗಳು ಮಾತ್ರ ಮೇಲೇಳುತ್ತವೆ. ಅವು ಎಲ್ಲಿವೆಯೋ ಅದರ ಮೇಲೆ ಗಾಜು ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯುತ್ತದೆ. ಅವನು ಎರಡು ಸಲ ಊದಿದ. ಸುತ್ತುಗಳು ಎದ್ದವು. ಇರಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಎರಡೂ ಕಡೆ. ಎಂದರೆ ತಪ್ಪು ಹೊಸಬನದಲ್ಲ. ಗಾಜು ಕತ್ತರಿಸುವಾಗಲೇ ಆದದ್ದು, ಕತ್ತರಿಸಿದ್ದು ತನ್ನ ಕೈಯೇ. ಹೊಸಬ ಪ್ಯಾಡು ಒತ್ತಿ ಫ್ರೇಮನ್ನೇ ಮೇಲೆತ್ತಿ ಆ ತಪ್ಪನ್ನು ಮುಚ್ಚಿದ್ದ. ಮುಚ್ಚಿ, ಅವಳಿಗೆ ಹೇಳಿದ್ದೇನು? "ಮೂಗಿನ ಮೇಲೆ ಸ್ವಲ್ಪ ಜಾರ್ತಿತ್ತು ಅಕ್ಕ, ಅಷ್ಟೇ." ಮಂಜು ಆರಿ ಸುತ್ತುಗಳು ಮಾಯವಾಗುವವರೆಗೂ ಅವನು ಅವನ್ನೇ ನೋಡುತ್ತ ಕೂತಿದ್ದ. ಬೆನ್ನ ಹಿಂದೆ, ಕೌಂಟರಿನಾಚೆ, ಯಾರೋ ಗಿರಾಕಿ ಫೋನು ಎತ್ತಿ ಹಿಡಿದಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ವಿಡಿಯೊ ಮೊದಲು ಬಂದದ್ದು ಫೋನಿನಲ್ಲಿದ್ದ ಮನೆಮಂದಿಯ ಗುಂಪಿಗೆ, ಭಾವಮೈದುನನ ಕೃಪೆಯಿಂದ. ಚುನಾವಣೆ ಹತ್ತಿರವಾದಂತೆ ಆ ಹುಡುಗನಿಗೆ ಊಟ ನಿದ್ದೆಗಳ ಪರಿವೆಯಿರಲಿಲ್ಲ; ಹೆಬ್ಬೆರಳು ಸವೆಯುವಷ್ಟು ವಾದ ಮಾಡುತ್ತಿದ್ದ. ವಿಡಿಯೊದಲ್ಲಿ ಒಂದು ಬೆನ್ನು, ಒಂದು ಬಿಳಿ ಟೋಪಿ, ಬಾಯಿಗೆ ಹತ್ತಿರವಾಗುವ ಒಂದು ಕನ್ನಡಕ, ಎರಡು ಊದು. ಅಲ್ಲಿಗೆ ಕತ್ತರಿ. ಮೇಲೆ ದಪ್ಪಕ್ಷರದಲ್ಲಿ, ನಿಮ್ಮ ಕಣ್ಣಿಗೆ ಇವರ ಎಂಜಲು, ಈ ಜನ ಎಲ್ಲಿದ್ದರೂ ಇಷ್ಟೇ, ನಿಮ್ಮವರನ್ನು ಎಚ್ಚರಿಸಿ. ಕೆಳಗೆ ಭಾವಮೈದುನನ ಪ್ರಶ್ನೆ: ಭಾವ, ಇದು ನಿಮ್ಮ ಅಂಗಡಿ ಥರ ಇದೆಯಲ್ಲ? ತನ್ನ ಬೆನ್ನನ್ನು ಯಾರೂ ನೋಡಿಕೊಂಡಿರುವುದಿಲ್ಲ. ಆದರೆ ಕಿರುಬೆರಳನ್ನು ಫ್ರೇಮಿನ ಕೆಳಗೆ ಆನಿಸಿ ಹಿಡಿಯುವ ಆ ಹಿಡಿತ, ಎರಡು ಸಲ ಊದುವ ಆ ಅಭ್ಯಾಸ ತನ್ನದೇ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಬರೆದರು, ಅಲ್ಲೊಬ್ಬ ಮುಸ್ಲಿಂ ಹುಡುಗ ಇದ್ದಾನಲ್ಲ, ಅವನೇ. ಅವನು ಫೋನು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದ, ವಾಪಸು ಬಂದ. ನಮ್ಮ ಅಂಗಡಿಯೇ, ಎಂದು ಬರೆದ. ಎರಡೇ ಪದ, ಎರಡೂ ನಿಜ. ಸುಳ್ಳು ಹೇಳದೆ ಒಬ್ಬನನ್ನು ಹೀಗೂ ಬಾವಿಗೆ ತಳ್ಳಬಹುದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಆ ಎರಡು ಪದಗಳೂ ವಿಡಿಯೊದ ಜೊತೆಗೇ ಊರೂರು ಸುತ್ತತೊಡಗಿದವು, ಅಂಗಡಿಯ ಕೆಲಸಗಾರರೇ ಒಪ್ಪಿಕೊಂಡಿದ್ದಾರೆ ಎಂಬ ಷರಾದೊಂದಿಗೆ.

ಆಮೇಲೆ ಅವನಿಗೆ ಅದೊಂದು ಚಟವಾಯಿತು. ಬಸ್ಸಿನಲ್ಲಿ, ಬಚ್ಚಲಿನಲ್ಲಿ, ಸಾಣೆ ಯಂತ್ರ ತಣಿಯುವ ಹೊತ್ತಿನಲ್ಲಿ ಕಾಮೆಂಟು ಓದುವುದೇ ಕೆಲಸ. ಆ ಟೋಪಿಗಿಂತ ಸಾಕ್ಷಿ ಬೇಕೇ ಎಂದು ಒಬ್ಬ. ಇವರನ್ನು ಕೆಲಸಕ್ಕಿಟ್ಟುಕೊಂಡವರಿಗೆ ಮೊದಲು ಬುದ್ಧಿ ಕಲಿಸಬೇಕು ಎಂದು ಇನ್ನೊಬ್ಬ. ತನ್ನ ಚಿಕ್ಕಮ್ಮನಿಗೂ ಇಂಥವನೊಬ್ಬನ ಅಂಗಡಿಯಲ್ಲಿ ಕಣ್ಣು ಕೆಂಪಾಗಿತ್ತು, ಈಗ ಕಾರಣ ಗೊತ್ತಾಯಿತು ಎಂದು ಮತ್ತೊಬ್ಬಳು. ಎದುರು ಪಕ್ಷದವರೂ ಕಡಿಮೆಯಿರಲಿಲ್ಲ: ಆ ಜನ ಮೈಮುರಿದು ದುಡಿಯುವವರು, ಮುಗ್ಧರು, ನೀವು ದ್ವೇಷದ ವ್ಯಾಪಾರಿಗಳು. ಎರಡೂ ಕಡೆಯವರಿಗೆ ಆ ಬೆನ್ನು ಒಬ್ಬ ಮನುಷ್ಯನದಾಗಿರಲಿಲ್ಲ, ಒಂದು ಜನಾಂಗದ್ದಾಗಿತ್ತು. ಗಾಜಿನ ಮೇಲೆ ಯಾಕೆ ಊದುತ್ತಾರೆಂದು ಒಬ್ಬನೂ ಕೇಳಲಿಲ್ಲ. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ಅವನಿಗೆ ಆಗುತ್ತಿದ್ದುದೇ ಬೇರೆ. ಇಷ್ಟು ಜನ ಅವನ ಬೆನ್ನನ್ನು ನೋಡಿದರು, ಅವನ ಬೆರಳನ್ನು, ಅವನ ಉಸಿರನ್ನು. ಬೈಗುಳವೂ ಹೊಸಬನಿಗೆ, ಅನುಕಂಪವೂ ಹೊಸಬನಿಗೆ. ಜೀವಮಾನದಲ್ಲಿ ಒಮ್ಮೆ ಊರೆಲ್ಲ ಅವನ ಕೆಲಸವನ್ನು ನೋಡಿತ್ತು, ಅದೂ ಇನ್ನೊಬ್ಬನ ಖಾತೆಗೆ ಹೋಗಿತ್ತು. ಇಂಥ ಹೊಟ್ಟೆಕಿಚ್ಚೂ ಇರುತ್ತದೆಯೇ ಎಂದು ತನ್ನನ್ನು ತಾನೇ ಹಳಿದುಕೊಂಡ. ಹಳಿದುಕೊಂಡು ಮುಂದಿನ ಕಾಮೆಂಟು ಓದಿದ.

ಪರದೆ ಇಳಿಬಿಟ್ಟ ದಿನ ಯಜಮಾನರು ಹೊಸಬನನ್ನು ಎದುರಿಗೆ ನಿಲ್ಲಿಸಿಕೊಂಡಿದ್ದರು. ಅವರೂ ಒಂದು ಕಾಲಕ್ಕೆ ಇದೇ ಬೆಂಚಿನಲ್ಲಿ ಕೂತು ಊದಿದವರೇ. "ನೋಡು, ಊದೋದು ಯಾಕೆ ಅಂತ ನಂಗೊತ್ತು. ಜನಕ್ಕೆ ಗೊತ್ತಾ? ಮನೆಮನೆಗೆ ಹೋಗಿ ಹೇಳೋಕಾಗುತ್ತಾ? ವಾರ ಮುಗೀಲಿ, ನೀನು ಬೇರೆ ಎಲ್ಲಾದ್ರೂ ನೋಡ್ಕೊಳ್ಳೋದು ಒಳ್ಳೇದು. ನಾನೇ ಒಂದು ಮಾತು ಹೇಳ್ತೀನಿ ಯಾರಿಗಾದ್ರೂ." ಹೊಸಬ ಒಂದು ಸಲ ತಲೆಯೆತ್ತಿ, ಪಕ್ಕದಲ್ಲಿ ನಿಂತಿದ್ದ ಅವನ ಕಡೆ ನೋಡಿದ. ಅವನು ನೆಲ ನೋಡಿದ. ಈಗ ಹೇಳುತ್ತಾನೆ, ನಾನಲ್ಲ ಅವರು ಎನ್ನುತ್ತಾನೆ ಎಂದು ಕಿವಿಯೆಲ್ಲ ಬಿಸಿಯಾಯಿತು. "ಸರಿ ಸರ್" ಎಂದ ಹೊಸಬ. ಹಾಗೆ ಸುಮ್ಮನಾದದ್ದು ಕೂಡ ಅವನಿಗೆ ಸಹಿಸಲಾಗಲಿಲ್ಲ. ಒಳ್ಳೆಯತನದಲ್ಲೂ ಇವನೇ ಮುಂದಿರಬೇಕೇ?

ವಾರ ಮುಗಿಯುವ ಹಿಂದಿನ ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಿಚುತ್ತಿದ್ದಳು. ಮಂಚದ ಮೇಲೆ ಅವಳ ತಮ್ಮ ಕಾಲು ಚಾಚಿ ಕೂತು ಫೋನಿನಲ್ಲಿ ಯಾರನ್ನೋ ಸೋಲಿಸುತ್ತಿದ್ದ. "ಭಾವ, ನಿಮ್ಮ ವಿಡಿಯೊ ಎಲ್ಲಿಗೆ ಮುಟ್ಟಿದೆ ಗೊತ್ತಾ?" ಎಂದ. ನಿಮ್ಮ ವಿಡಿಯೊ ಎಂಬ ಮಾತಿಗೆ ಅವನು ಬೆಚ್ಚಿದ. ಹುಡುಗ ಹೇಳಿದ್ದು ಅಂಗಡಿಯ ಅರ್ಥದಲ್ಲಿ. "ಯಾವ್ದದು? ಆ ಗುಂಪು ತೆರೆಯೋಕೆ ನಂಗೆಲ್ಲಿ ಪುರುಸೊತ್ತು, ಇನ್ನೂ ನೋಡೇ ಇಲ್ಲ" ಎಂದು ಹೆಂಡತಿ ಮಡಿಚುವುದನ್ನು ಬಿಟ್ಟು, ಕನ್ನಡಕ ಹಾಕಿಕೊಂಡು, ಗದ್ದ ಎತ್ತದೆ, ತಮ್ಮನ ಕೈಯಿಂದ ಫೋನು ಈಸಿಕೊಂಡಳು. ಒಂದು ಸಲ ನೋಡಿದಳು. ಮತ್ತೊಂದು ಸಲ ನೋಡಿದಳು. ಅವಳ ಮುಖ ಅರಳಿತು. "ಅಯ್ಯೋ, ಇದು ನನ್ನ ಕನ್ನಡಕ! ಸ್ಕ್ರೂ ಮೇಲೆ ಕೆಂಪು ಚುಕ್ಕಿ ನೋಡು, ನನ್ನ ಉಗುರುಬಣ್ಣ ಹಚ್ಚಿದ್ದಲ್ವೇನ್ರಿ ನೀವು, ಬಿಚ್ಚಿ ಹೋಗ್ಬಾರ್ದು ಅಂತ? ನಂದನ್ನ ಸರಿ ಮಾಡ್ತಿದ್ದಾಗ ತೆಗೆದಿರೋದು ಇದು." ತಮ್ಮ ಮೂಗು ಮುರಿದ. "ಥೂ, ಮುಖಕ್ಕೆ ಹಾಕೋಬೇಡ ಅಕ್ಕ, ತೊಳಿ ಮೊದಲು." ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಫೋನನ್ನು ಹತ್ತಿರ ತಂದು, ದನಿ ತಗ್ಗಿಸಿ ಹೇಳಿದಳು: "ಎಷ್ಟು ಜೋಪಾನವಾಗಿ ಹಿಡ್ಕೊಂಡಿದಾರೆ ನೋಡಿ. ಮಗುವಿನ ಕಣ್ಣಿಗೆ ಧೂಳು ಬಿದ್ರೆ ಊದ್ತೀವಲ್ಲ, ಹಾಗೆ. ಕೆಲಸ ಅಂದ್ರೆ ಹೀಗಿರ್ಬೇಕು."

ಇಷ್ಟು ವರ್ಷಗಳಲ್ಲಿ ಅವಳು ಅವನ ಕೈಯ ಬಗ್ಗೆ ಒಂದೇ ಒಂದು ಮಾತು ಆಡಿರಲಿಲ್ಲ. ತಾಳ್ಮೆ, ಭಯ, ಕೆಲಸದ ಚಿಂತೆ, ಎಲ್ಲವೂ ಒಟ್ಟಿಗೆ ಕಳಚಿಕೊಂಡವು. "ಅದು ನಾನು!" ಎಂದು ಕೂಗಿದ. ತನ್ನ ದನಿ ತನಗೇ ಅಸಹ್ಯವಾಗಿ, ಆಟದಲ್ಲಿ ಸರದಿ ತಪ್ಪಿಸಿಕೊಂಡ ಹುಡುಗನ ದನಿಯಾಗಿ ಕೇಳಿಸಿತು. "ಅವನಲ್ಲ, ನಾನು! ಆ ಕೈ ನಂದು. ಕಿರುಬೆರಳು ನೋಡು ಬೇಕಾದ್ರೆ!" ಕಿರುಬೆರಳನ್ನು ಎತ್ತಿ ತೋರಿಸಿದ. ಭಾವಮೈದುನ ಒಮ್ಮೆ ಫೋನನ್ನೂ ಒಮ್ಮೆ ಬೆರಳನ್ನೂ ನೋಡಿದ. ಹೆಂಡತಿ ಮಾತ್ರ ಬೆರಳು ನೋಡಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಸ್ಕ್ರೂ ಬಿಗಿ ಮಾಡ್ತೀನಿ ಅಂತ ತಗೊಂಡು ಹೋದ್ರಲ್ಲ, ಅವತ್ತಾ?" ಅವನು ಹೂಂ ಎಂದ. "ಸ್ಕ್ರೂ ಬಿಗಿ ಮಾಡೋಕೆ ಊದ್ತಾರಾ?" "ಗಾಜು ಪರೀಕ್ಷೆ ಮಾಡೋದು ಹಾಗೇ" ಎಂದ. ಅವಳಿಗೆ ಗಾಜಿನ ಸುತ್ತುಗಳ ವಿಷಯ ಗೊತ್ತಿರಲಿಲ್ಲ, ಗಂಡನ ವಿಷಯ ಗೊತ್ತಿತ್ತು. "ಅವರ ತಪ್ಪು ಹುಡುಕೋಕೆ ಹೋಗಿದ್ರಿ. ಆಮೇಲೆ ಇದನ್ನೂ ಅವರ ತಲೆಗೇ ಕಟ್ಟಿ ಇಷ್ಟು ದಿನ ಊಟ ಮಾಡ್ಕೊಂಡು ಇದ್ರಿ." ಬಟ್ಟೆ ಮಡಿಚಲು ಮತ್ತೆ ಕೂತಳು. "ನಾಳೆ ಯಜಮಾನರಿಗೆ ನೀವೇ ಹೇಳ್ತೀರೋ, ನಾನು ಬರ್ಲೋ?" ಅವನು ಕಾದ. ಜೋಪಾನವಾಗಿ ಹಿಡಿದ ಆ ಕೈಯ ಬಗ್ಗೆ, ಈಗ ಅದು ಯಾರದೆಂದು ತಿಳಿದ ಮೇಲೆ, ಅವಳು ಇನ್ನೊಂದು ಮಾತು ಹೇಳಬಹುದೆಂದು ಕಾದೇ ಕಾದ. ಅವಳು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ಯಜಮಾನರ ಮುಂದೆ ಹೋಗಿ ನಿಂತ. ಕೆಲಸ ಹೋಗಬಹುದು, ಹೊಡೆಯಲು ಜನ ಬರಬಹುದು, ಇನ್ನು ಬೈಗುಳವೆಲ್ಲ ತನ್ನ ಪಾಲಿಗೆ. ಅದಕ್ಕೆ ಅವನು ತಯಾರಾಗಿ ಬಂದಿದ್ದ, ಒಳಗೊಳಗೆ ಒಂದು ಬಗೆಯ ಆಸೆಯೂ ಇತ್ತು. "ಆ ವಿಡಿಯೊದಲ್ಲಿ ಇರೋದು ನಾನು ಸರ್" ಎಂದ. ಪರದೆ ಅರ್ಧ ಸರಿದಿತ್ತು, ಒಳಗೆ ಹೊಸಬ ತನ್ನ ಸಣ್ಣ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಯಜಮಾನರು ಫೋನು ತೆಗೆದು ವಿಡಿಯೊ ಹಾಕಿ, ಅವನನ್ನು ನೋಡಿ, ಮತ್ತೆ ವಿಡಿಯೊ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. "ನೀವಾ? ಅಯ್ಯೋ, ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಹಾಗಾದ್ರೆ ಮುಗೀತಲ್ಲ ಕಥೆ. ಊದೋದು ಯಾಕೆ ಅಂತ ಜನಕ್ಕೆ ಹೇಳಿದ್ರಾಯ್ತು, ಅದೇನು ದೊಡ್ಡ ವಿಷಯ?" ಒಳಗಿನ ಚೀಲದ ಸದ್ದು ನಿಂತಿತು. ಯಜಮಾನರಿಗೆ ತಾವೇನು ಹೇಳಿದೆವೆಂಬುದರ ಅರಿವಿರಲಿಲ್ಲ. ಆ ಕಡೆಗೆ ತಿರುಗಿ, "ಏಯ್, ನೀನೂ ಇರಪ್ಪ, ಎಲ್ಲಿಗೂ ಹೋಗ್ಬೇಡ, ಎಲ್ಲ ಸರಿಹೋಯ್ತು" ಎಂದು ಉದಾರವಾಗಿ ಕೂಗಿದರು. ಅವನ ಜೇಬಿನಲ್ಲಿ ಫೋನು ನಡುಗಿತು. ಮನೆಮಂದಿಯ ಗುಂಪಿನಲ್ಲಿ ಭಾವಮೈದುನ ಬರೆದಿದ್ದ: ಅದು ನಮ್ಮ ಭಾವ ಅಂತೆ, ಗಾಜು ಪರೀಕ್ಷೆ ಮಾಡೋ ವಿಧಾನ ಅಂತೆ. ಅದರ ಕೆಳಗೆ ನಗುವ ಮುಖಗಳ ಸಾಲು. ಇಷ್ಟು ಹಳೇ ಕಸುಬುದಾರರು, ಸುಮ್ಮನೆ ಊದುತ್ತಾರಾ ಎಂದು ದೊಡ್ಡಪ್ಪ. ಅವನ ಮೇಲೆ ಯಾರೂ ಉಗಿಯಲಿಲ್ಲ. ಅದೇ ಬೆನ್ನು, ಅದೇ ಟೋಪಿ, ಅದೇ ಉಸಿರು. ಹೊರಗಿನ ಊರುಗಳಲ್ಲಿ ವಿಡಿಯೊ ಹಳೆಯ ಬರಹವನ್ನೇ ಹೊತ್ತು ಇನ್ನೂ ಸುತ್ತುತ್ತಿತ್ತು. ಅದನ್ನು ಕರೆದು ನಿಲ್ಲಿಸುವವರು ಯಾರೂ ಇರಲಿಲ್ಲ.

ಅವನು ಪರದೆ ಸರಿಸಿ ಒಳಗೆ ಹೋದ. ಹೊಸಬ ಸ್ಕ್ರೂಡ್ರೈವರುಗಳನ್ನು ಚೀಲದಿಂದ ತೆಗೆದು ಬೆಂಚಿನ ಮೇಲೆ ಮತ್ತೆ ಜೋಡಿಸಿಟ್ಟಿದ್ದ. ಏನಾದರೂ ಹೇಳಬೇಕಿತ್ತು. "ನಿಂಗೆ ಗೊತ್ತಿತ್ತಾ?" ಎಂದು ಕೇಳಿದ. "ಮೊದಲನೇ ದಿನವೇ ಗೊತ್ತಿತ್ತಣ್ಣ. ಪಕ್ಕದಲ್ಲಿ ಕೂತು ದಿನಾ ನೋಡ್ತೀನಿ, ನಿಮ್ಮ ಕೈ ಗೊತ್ತಾಗಲ್ವಾ?" "ಮತ್ತೆ ಯಾಕೆ ಹೇಳ್ಲಿಲ್ಲ?" ಹೊಸಬ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನಾನಲ್ಲ ಅಂದ್ರೆ ನಂಬೋರು ಯಾರು? ತಪ್ಪು ಮಾಡಿ ನಿಮ್ಮ ಮೇಲೆ ಹಾಕ್ತಿದಾನೆ, ಇವರೆಲ್ಲ ಹೀಗೇ ಅನ್ನೋರು. ನೀವೇ ಹೇಳ್ಬೇಕಿತ್ತು. ಹೇಳ್ತೀರಾ ಅಂತ ದಿನಾ ಬೆಳಿಗ್ಗೆ ಅಂದ್ಕೋತಿದ್ದೆ." ಅವನು ಕ್ಷಮಿಸು ಎನ್ನಬೇಕೆಂದಿದ್ದ. ಅಷ್ಟರಲ್ಲಿ ಹೊರಗಿನಿಂದ ಯಜಮಾನರು ಒಂದು ಕನ್ನಡಕ ಚಾಚಿ, ಬೇಗ ನೋಡಿಕೊಡಿ, ಗಿರಾಕಿ ಕಾಯುತ್ತಿದ್ದಾರೆ ಎಂದರು. ಹೊಸಬ ಈಸಿಕೊಂಡ. ಗೆರೆಯಿಲ್ಲದ ಗಾಜು. ಅಭ್ಯಾಸಬಲದಿಂದ ಬಾಯಿಯ ಹತ್ತಿರ ತಂದ. ಪರದೆ ತೆರೆದೇ ಇತ್ತು, ಕೌಂಟರಿನಾಚೆ ಗಿರಾಕಿ ಇವರ ಕಡೆಗೇ ನೋಡುತ್ತಿದ್ದ. ಹೊಸಬನ ತುಟಿ ತೆರೆದು, ಹಾಗೇ ಮುಚ್ಚಿಕೊಂಡಿತು. ಬಿಡಬೇಕಿದ್ದ ಉಸಿರನ್ನು ಮೂಗಿನಿಂದ ಬಿಟ್ಟ. ಕನ್ನಡಕವನ್ನು ಕಡ್ಡಿಯ ತುದಿಯಲ್ಲಿ ಹಿಡಿದು, ಹಗುರವಾಗಿ, ಅವನತ್ತ ಚಾಚಿದ.

"ನೀವೇ ಊದ್ಕೊಡಿ ಅಣ್ಣ" ಎಂದ. "ಇನ್ಮೇಲೆ ಎಲ್ಲ ನೀವೇ ಊದ್ಕೊಡಿ. ನೀವು ಊದಬಹುದು."

ಅವನು ಈಸಿಕೊಂಡ. ಗಿರಾಕಿ ನೋಡುತ್ತಿದ್ದಂತೆಯೇ, ಕಿರುಬೆರಳನ್ನು ಫ್ರೇಮಿನ ಕೆಳಗೆ ಆನಿಸಿ, ಎರಡು ಸಲ ಊದಿದ. ಗಿರಾಕಿ ಏನೂ ಅನ್ನಲಿಲ್ಲ. ಗಾಜು ಮಂಜಾಯಿತು, ಸಣ್ಣ ಸುತ್ತುಗಳು ಎದ್ದವು, ಹೊಸಬ ಬಗ್ಗಿ ನೋಡಿದ. ಸರಿಯಾಗಿ ಇರಬೇಕಾದಲ್ಲೇ ಇದ್ದವು. "ಆಯ್ತು, ಕೊಡಿ" ಎಂದು ಕೈಚಾಚಿದ ಹೊಸಬ. ಅವನು ಕೊಟ್ಟ.